ಲೋಗೋ ಕಟ್ ಮಾಡಿದ್ರೆ ಕಳ್ಳನ ಗುರುತೂ ಹೋಗುತ್ತಾ?

"ಸರ, ಲೋಗೋ ಕಟ್ ಮಾಡಿ, ಫೈಲ್ ಹೆಸರು ಬದಲಿಸಿ ಹಾಕಿದ್ರ ಪಿಚ್ಚರ್ ಎಲ್ಲಿಂದ ಲೀಕ್ ಆಗ್ಯದಂತ ಹ್ಯಾಂಗ ಗೊತ್ತಾಗ್ತದ?"

ಎಷ್ಟನೇ ಸಲವೋ ಏನೋ. ಮೊನ್ನೆ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲಿಗೆ ಗ್ಲಾಸ್ ಹಾಕಿಸಲು ನಿಂತಾಗ ಅಂಗಡಿ ಹುಡುಗನೂ ಇದನ್ನೇ ಕೇಳಿದ. ಗೊತ್ತಾಗುತ್ತದಪ್ಪಾ, ಚೆನ್ನಾಗೇ ಗೊತ್ತಾಗುತ್ತದೆ.

ಮೂಲೆಯಲ್ಲಿ ಕಾಣುವ ಲೋಗೋ ಎಷ್ಟೋ ಸಲ ಪೈರಸಿ ಸೈಟಿನವರೇ ಅಂಟಿಸಿದ ಜಾಹೀರಾತು. ಅಸಲಿ ಗುರುತು ಇರುವುದು ಚಿತ್ರದ ಒಳಗೆ. ಥಿಯೇಟರಿಗೆ ಸಿನಿಮಾ ಬರುವುದು ಬೀಗ ಹಾಕಿದ ಫೈಲ್ ಆಗಿ. ಕೀ ಬೇರೆ ಬರುತ್ತದೆ, ಅದೂ ಅಲ್ಲಿ ಸಿನಿಮಾ ಓಡಿಸುವ ಆ ಒಂದು ಮಶೀನಿಗೆ, ಇಂತಿಷ್ಟು ದಿನಕ್ಕೆ ಮಾತ್ರ. ಬೀಗ ತೆಗೆದು ಪರದೆಗೆ ಬಿಡುವಾಗಲೇ ಮಶೀನು ಚಿತ್ರದಲ್ಲೂ ಸದ್ದಿನಲ್ಲೂ ಕೂದಲೆಳೆಯಷ್ಟು ಏರುಪೇರು ಮಾಡಿ ಗುರುತು ಸೇರಿಸುತ್ತದೆ. ಹಾಲಿವುಡ್ ಸ್ಟುಡಿಯೋಗಳು ಸೇರಿ ಮಾಡಿದ ಡಿಸಿಐ ನಿಯಮದಲ್ಲಿ ಇದು 35 ಬಿಟ್, ಅಂದ್ರೆ ಸೊನ್ನೆ-ಒಂದುಗಳ 35 ಅಂಕಿಯ ಸಾಲು. ವರ್ಷದ ಯಾವ ದಿನ, ಯಾವ ಕಾಲುಗಂಟೆ ಅನ್ನಲು 16, ಯಾವ ಮಶೀನು ಅನ್ನಲು 19. ಪ್ರತಿ 5 ನಿಮಿಷದ ತುಂಡಿನಲ್ಲೂ ಇಡೀ ಗುರುತು ಮತ್ತೆ ಇರಬೇಕು.

ಈಗ ಕತ್ತರಿಸಿ ನೋಡೋಣ. ಅಂಚು ಹೋಯಿತು, ನಡುವಿನ ಚಿತ್ರದಲ್ಲಿ ಗುರುತು ಹಾಗೇ ಇದೆ. ಮೊಬೈಲ್ ಸೊಟ್ಟ ಹಿಡಿದು ತೆಗೆದ್ರಾ? ಸಾಫ್ಟ್‌ವೇರ್ ಅದನ್ನು ಮೂಲ ಚಿತ್ರದ ಜೊತೆ ಇಟ್ಟು, ನೆಟ್ಟಗೆ ಮಾಡಿಕೊಂಡು, ಎರಡರ ನಡುವಿನ ವ್ಯತ್ಯಾಸ ಓದುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಫೈಲಿನ ವಿವರ ಅಳಿಸುತ್ತದೆ ಅಂತೀರಿ, ನಿಜ, ಆದರೆ ಅದು ತೊಗರಿ ಚೀಲದ ಮೇಲಿನ ಚೀಟಿ ಅಷ್ಟೇ, ಚೀಟಿ ಹರಿದರೆ ಒಳಗಿನ ತೊಗರಿ ಹೆಸರುಕಾಳು ಆಗುತ್ತದಾ? ಅರ್ಧ ನಿಮಿಷದ ತುಂಡಿನಲ್ಲಿ ಓದುವುದು ಕಷ್ಟ, ಒಪ್ಪುತ್ತೇನೆ. ಆದರೆ ನೀವು ಹಾಕುವುದು ಇಡೀ ಪಿಚ್ಚರ್ ಅಲ್ವಾ?

ಹಾಗಂತ ಮಶೀನು ಆಸಾಮಿಯ ಹೆಸರು ಹೇಳಲ್ಲ. ಥಿಯೇಟರ್, ಶೋ ಹೇಳುತ್ತದೆ. ಮುಂದೆ ಸಿಸಿಟಿವಿ, ಟಿಕೆಟ್ ಬುಕಿಂಗ್ ನೋಡುವುದು ಪೊಲೀಸರ ಕೆಲಸ. ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲೆ ಹೀಗೆ ಸಿನಿಮಾ ಕದ್ದು ರೆಕಾರ್ಡ್ ಮಾಡಿದ್ದಕ್ಕೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ದಂಡ.

ಯಾರೂ ಕೇಳಲಿಲ್ಲ, ಆದರೂ ಒಟಿಟಿ ಬಗ್ಗೆ ಹೇಳಿಬಿಡುತ್ತೇನೆ. ಅಲ್ಲಿ ಹೆಚ್ಚಾಗಿ ಬಳಸುವ ಉಪಾಯವೇ ಬೇರೆ. ವಿಡಿಯೋದ ಪ್ರತಿ ಪುಟ್ಟ ತುಂಡಿಗೂ ನೋಡಲು ಒಂದೇ ಥರ ಇರುವ, ಆದರೆ ಒಳಗಿನ ಗುರುತು ಬೇರೆ ಇರುವ ಎರಡು ನಕಲು ಇಟ್ಟಿರುತ್ತಾರೆ. ಯಾವ ತುಂಡಿಗೆ ಯಾವ ನಕಲು ಅನ್ನುವ ಸಾಲು ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು. ಬರೀ 20 ತುಂಡಿನಲ್ಲೇ 10,48,576 ಬೇರೆ ಬೇರೆ ಸಾಲು ಆಗುತ್ತದೆ. ಮಾವನ ಪಾಸ್‌ವರ್ಡ್‌ನಲ್ಲಿ ನೋಡುತ್ತಾ ಸುಮ್ನೆ ರೆಕಾರ್ಡ್ ಮಾಡಿ ಹಂಚಿದರೆ, ಮೊದಲು ಸಿಗುವುದು ಮಾವನ ಅಕೌಂಟು.