ಎರೆ ನೆಲದ ಸಮಾಧಿ: ಕಲ್ಲಿಗೆ ಮೊದಲು ಒಂದು ಮಳೆಗಾಲ

ದಾವಣಗೆರೆ ಸುತ್ತಿನ ಎರೆ ನೆಲದ ರುದ್ರಭೂಮಿಗಳಲ್ಲಿ ಒಂದು ನೋಟ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಒಂದು ಮಗ್ಗುಲಿಗೆ ಕುಸಿದ ಸಮಾಧಿ, ನಡುವೆ ಸೀಳಿದ ಸಿಮೆಂಟ್ ಕಟ್ಟೆ, ವಾಲಿದ ಹೆಸರಿನ ಕಲ್ಲು. ನೋಡಿದವರು ಮೇಸ್ತ್ರಿಯನ್ನು ಬೈಯುತ್ತಾರೆ. ಮೇಸ್ತ್ರಿಯ ತಪ್ಪು ಇರಬಹುದು, ಆದರೆ ಹನ್ನೊಂದನೇ ದಿನದ ಕಾರ್ಯದೊಳಗೆ ಮುಗಿಸಿಕೊಡಿ ಎಂಬ ಅವಸರದ ಪಾಲು ಅದಕ್ಕಿಂತ ದೊಡ್ಡದು. ಹೋದವರಿಗಾಗಿ ಏನಾದರೂ ಮಾಡಲೇಬೇಕು ಎಂಬ ಸಂಕಟ ಆ ದಿನಗಳಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡುವುದಿಲ್ಲ. ಅದು ಅರ್ಥವಾಗುವ ಸಂಕಟವೇ. ಆದರೂ ನನ್ನ ಸಲಹೆ ಇಷ್ಟೇ: ಮಣ್ಣಿನ ಕೆಲಸ ಮುಗಿಯುವ ತನಕ ಕಲ್ಲಿನ ಕೆಲಸ ಶುರು ಮಾಡಬೇಡಿ.

ಲೆಕ್ಕ ನೋಡಿ. ಮಲಗಿಸಿ ಹೂಳುವ ಗುಣಿ ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ, 6 ಅಡಿ ಆಳ ಎಂದರೆ ಸುಮಾರು 100 ಘನ ಅಡಿ ಮಣ್ಣು ಹೊರಬರುತ್ತದೆ. ಅಗೆದ ಮಣ್ಣು ಸಡಿಲವಾಗಿ 120–130 ಘನ ಅಡಿಯಷ್ಟು ಉಬ್ಬುತ್ತದೆ. ಮುಚ್ಚಿದ ಮೇಲೆ ಎದ್ದು ಕಾಣುವ ದಿಬ್ಬದಲ್ಲಿ ಬಹುಪಾಲು ಈ ಉಬ್ಬರವೇ. ಮಳೆ ಬಿದ್ದಂತೆ ಹೆಂಟೆಗಳು ಕರಗಿ, ನಡುವಿನ ಪೊಳ್ಳು ತುಂಬಿ, ಮಣ್ಣು ಮತ್ತೆ ತನ್ನ ಮೊದಲಿನ ಗಾತ್ರದತ್ತ ಇಳಿಯುತ್ತದೆ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುವಾಗ ಗುಣಿಯ ಒಂದು ಗೋಡೆಯಲ್ಲಿ ಗೂಡು ಕೊರೆಯುವ ರೂಢಿಯೂ ಇದೆ. ಆ ಗೂಡಿನ ಒಳಗೆ ಎಷ್ಟು ವಿಭೂತಿ, ಬಿಲ್ವಪತ್ರೆ ತುಂಬಿದರೂ ಮೇಲ್ಭಾಗದಲ್ಲಿ ಖಾಲಿ ಜಾಗ ಉಳಿಯುತ್ತದೆ. ಯಾವುದೋ ಒಂದು ಮಳೆಗಾಲದಲ್ಲಿ ಅದರ ಮಾಡು ಕುಸಿಯುತ್ತದೆ. ಆಗ ನೆಲ ಇಳಿಯುವುದು ಗುಣಿಯ ನಡುವೆ ಅಲ್ಲ, ಗೂಡಿದ್ದ ಮಗ್ಗುಲಿಗೆ. ಕಟ್ಟೆ ಒಂದೇ ಕಡೆಗೆ ವಾಲುವುದು ಇದರಿಂದ.

ಇನ್ನು ದೇಹ. ವೈದ್ಯಕೀಯ ಪಠ್ಯಗಳಲ್ಲಿ ಒಂದು ಸ್ಥೂಲ ಲೆಕ್ಕವಿದೆ: ಬಯಲಿನಲ್ಲಿ ಒಂದು ವಾರದಲ್ಲಿ ಆಗುವ ಬದಲಾವಣೆಗೆ ನೀರಿನಲ್ಲಿ ಎರಡು ವಾರ, ಮಣ್ಣಿನೊಳಗೆ ಎಂಟು ವಾರ ಬೇಕು. ಚಳ್ಳಕೆರೆ ಕಡೆಯ ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಗಾಳಿ ಆಡುತ್ತದೆ, ಅಲ್ಲಿ ಇದು ಬೇಗ ಸಾಗುತ್ತದೆ. ಭದ್ರಾ ನಾಲೆಯ ಗದ್ದೆ ಬಯಲಿನ ಪಕ್ಕದ, ಸದಾ ತೇವ ಹಿಡಿದ ಎರೆಮಣ್ಣಿನಲ್ಲಿ ಗಾಳಿಯೇ ಇಲ್ಲ, ವರ್ಷಗಟ್ಟಲೆ ಹಿಡಿಯಬಹುದು. ಕೇಳಲು ಕಠಿಣ ಮಾತು. ಆದರೆ ಮಣ್ಣಾಗುವುದು ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ನಿಜದಲ್ಲಿ ಇಷ್ಟು ನಿಧಾನದ ಕೆಲಸ. ನೈಲಾನ್ ಸೀರೆ, ಪ್ಲಾಸ್ಟಿಕ್ ಹಾಳೆ, ಥರ್ಮೋಕೋಲ್ ಇರುವ ಹಾರ ಇವುಗಳೇನೂ ಕರಗುವುದಿಲ್ಲ. ನೀರನ್ನು ಹಿಡಿದಿಟ್ಟು ಕೆಲಸವನ್ನು ಇನ್ನಷ್ಟು ತಡಮಾಡುತ್ತವೆ. ಗುಣಿಗೆ ಇಳಿಸುವ ಮುನ್ನ ಅವನ್ನು ತೆಗೆದು, ಹತ್ತಿಯ ಬಟ್ಟೆ ಮಾತ್ರ ಉಳಿಸಿ.

ಮಣ್ಣು ಮುಚ್ಚುವಾಗ ಮನೆಯವರು ಅಳುತ್ತಾ ನಿಂತಿರುತ್ತಾರೆ, ಸಲಿಕೆ ಹಿಡಿದವರು ಬೇಗ ಮುಗಿಸಲು ನೋಡುತ್ತಾರೆ. ನೆಂಟರಲ್ಲಿ ಗಟ್ಟಿ ಮನಸ್ಸಿನ ಒಬ್ಬರು ಅಲ್ಲಿ ನಿಲ್ಲಬೇಕು. ಕೆಳಗಿನ 2 ಅಡಿಗೆ ಪುಡಿ ಮಣ್ಣನ್ನು ಮೆಲ್ಲಗೆ ಸುರಿಯಲಿ, ತುಳಿಯುವುದು ಬೇಡ. ಅಲ್ಲಿಂದ ಮೇಲೆ ಪ್ರತಿ 9 ಇಂಚಿಗೊಮ್ಮೆ ಹೆಂಟೆ ಒಡೆದು, ಹರಡಿ, ಕಾಲಲ್ಲಿ ತುಳಿಯಬೇಕು. ದೊಡ್ಡ ಕಲ್ಲುಗಳನ್ನು ಒಳಗೆ ಹಾಕಬಾರದು. ಅವುಗಳ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಕೊನೆಗೆ ಒಂದರಿಂದ ಒಂದೂವರೆ ಅಡಿ ದಿಬ್ಬ ಮಾಡಿ, ನೀರು ಎರಡೂ ಕಡೆ ಜಾರುವಂತೆ ಇಳಿಜಾರು ಕೊಟ್ಟು ಬಿಡಿ. ಬೇಗ ಕೂರಲಿ ಎಂದು ಕೊಡಗಟ್ಟಲೆ ನೀರು ಸುರಿಯುವವರಿದ್ದಾರೆ. ಎರೆಮಣ್ಣಿಗೆ ಅದು ಕೆಟ್ಟದ್ದು: ಮೇಲಿನ ಪದರ ಕೆಸರಾಗಿ ಮುಚ್ಚಿಕೊಂಡು ಒಳಗಿನ ಪೊಳ್ಳು ಹಾಗೆಯೇ ಉಳಿಯುತ್ತದೆ.

ಆಮೇಲೆ ಕಾಯಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ನೆಲಕ್ಕೆ ನಿಜವಾದ ಪರೀಕ್ಷೆ. ಅದೊಂದು ಸುತ್ತು ಮುಗಿಯದೆ ಅಳತೆ ಟೇಪು ಹಿಡಿಯಬೇಡಿ. ಮಾರ್ಚ್‌ನಲ್ಲಿ ಹೂತಿದ್ದರೆ ಡಿಸೆಂಬರ್ ತನಕ, ನವೆಂಬರಿನಲ್ಲಿ ಹೂತಿದ್ದರೆ ಮುಂದಿನ ವರ್ಷದ ಕೊನೆಯ ತನಕ. ಕಾಯುವ ಕಾಲದಲ್ಲಿ ಸಮಾಧಿ ಅನಾಥವಾಗಿ ಕಾಣಬೇಕಿಲ್ಲ. ಸುತ್ತ ಒಂದು ಸಾಲು ಸೈಜುಗಲ್ಲು, ತಲೆಯ ಕಡೆ ಹೆಸರು ಬರೆದ ಚಿಕ್ಕ ಹಲಗೆ ಸಾಕು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹೋಗುವವರು ಒಂದೆರಡು ಬುಟ್ಟಿ ಮಣ್ಣು ಹಾಕಿಸಿ ಬರಲಿ. ಎಷ್ಟು ಇಳಿದಿದೆ ಎಂಬುದೂ ಆಗ ತಿಳಿಯುತ್ತದೆ.

ಕಾಯುವುದು ಈ ನೆಲಕ್ಕೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕಬ್ಬಿಣ ಯುಗದ ಕಲ್ಲಿನ ಸಮಾಧಿಗಳಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದಾಗ ಕಲ್ಲಿನ ಪೆಟ್ಟಿಗೆಗಳೊಳಗೆ ಇಡೀ ದೇಹಗಳು ಸಿಗಲಿಲ್ಲ. ಬೇರೆಡೆ ಮಾಂಸ ಕಳೆದ ಮೇಲೆ ಆಯ್ದು ತಂದ ಮೂಳೆಗಳಿದ್ದವು, ಜೊತೆಗೆ ಮಡಕೆಗಳು, ಕಬ್ಬಿಣದ ಹತಾರಗಳು. ಅಂದರೆ ಅವರು ಮೊದಲು ಕಾಲಕ್ಕೆ ಅದರ ಪಾಲು ಕೊಟ್ಟು, ಆಮೇಲೆ ಕಲ್ಲಿನೊಳಗೆ ಇಟ್ಟರು. ಕಟ್ಟಿದ ರೀತಿಯೂ ಗಮನಿಸತಕ್ಕದ್ದು. ನಾಲ್ಕು ಚಪ್ಪಡಿಗಳನ್ನು ನಿಲ್ಲಿಸುವಾಗ ಒಂದೊಂದರ ತುದಿಯೂ ಪಕ್ಕದ್ದನ್ನು ದಾಟಿ ಚಾಚುವಂತೆ, ಸ್ವಸ್ತಿಕದ ಹಾಗೆ ಜೋಡಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದನ್ನೊಂದು ತಡೆದು ಹಿಡಿಯುತ್ತವೆ. ಸುಣ್ಣವಿಲ್ಲ, ಗಾರೆಯಿಲ್ಲ. ಎರಡು ಸಾವಿರ ವರ್ಷ ಕಳೆದರೂ ಆ ವಿದ್ಯೆ ಅಲ್ಲಿ ಕಾಣಸಿಗುತ್ತದೆ.

ನಮ್ಮ ಕಟ್ಟಡದಲ್ಲಿ ಪಾಲಿಸಬೇಕಾದ ಮುಖ್ಯ ನಿಯಮ ಒಂದೇ. ಭಾರ ಗುಣಿಯ ಮೇಲೆ ಕೂರಬಾರದು, ಅಗೆಯದ ಗಟ್ಟಿ ನೆಲದ ಮೇಲೆ ಕೂರಬೇಕು. ಗುಣಿಯ ಅಂಚಿನಿಂದ ಒಂದರಿಂದ ಒಂದೂವರೆ ಅಡಿ ಆಚೆಗೆ, ಎರಡೂ ಉದ್ದದ ಮಗ್ಗುಲಲ್ಲಿ 1 ಅಡಿ ಅಗಲ, ಎರಡರಿಂದ ಎರಡೂವರೆ ಅಡಿ ಆಳದ ಕಾಲುವೆ ತೆಗೆದು, ಗರಸು (ಕಲ್ಲುಹರಳಿನ ಗಟ್ಟಿ ಮಣ್ಣು) ತುಂಬಿ ದಮ್ಮಸು ಮಾಡಿ, ಅದರ ಮೇಲೆ ಸೈಜುಗಲ್ಲಿನ ಕಟ್ಟೆ ಎಬ್ಬಿಸಿ. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಬರಿ 4 ಇಂಚಿನ ಬೆಡ್ ಕಾಂಕ್ರೀಟ್ ಈ ಏರಿಳಿತಕ್ಕೆ ಒಡೆದೇ ಒಡೆಯುತ್ತದೆ. ಗರಸು ಆ ಉಬ್ಬರವನ್ನು ಅಷ್ಟಾಗಿ ಮೇಲಕ್ಕೆ ಬಿಡುವುದಿಲ್ಲ. ಕಟ್ಟೆಯ ನಡುವೆ ಮಣ್ಣನ್ನು ತೆರೆದೇ ಬಿಡಿ ಎಂಬುದು ನನ್ನ ಅಭಿಪ್ರಾಯ. ಮುಂದೆ ಇಳಿದರೆ ಒಂದು ಬುಟ್ಟಿ ಮಣ್ಣಿನಲ್ಲಿ ಸರಿಹೋಗುತ್ತದೆ, ಗರಿಕೆಯೋ ತುಳಸಿಯೋ ಬೆಳೆಯುತ್ತದೆ. ಪಕ್ಕದ ಸಮಾಧಿಗಳು ಒತ್ತಾಗಿದ್ದು ಕಾಲುವೆಗೆ ಜಾಗವೇ ಇಲ್ಲದಿದ್ದರೆ ಕಟ್ಟೆಯ ಆಸೆ ಬಿಟ್ಟು, ತಲೆಯ ಕಡೆ ಹೆಸರಿನ ಕಲ್ಲು ಮಾತ್ರ ನಿಲ್ಲಿಸಿ. ಶಾಶ್ವತ ಕಟ್ಟಡಕ್ಕೆ ಅವಕಾಶವಿದೆಯೇ ಎಂದು ಸ್ಮಶಾನ ನೋಡಿಕೊಳ್ಳುವವರನ್ನು ಮೊದಲೇ ಕೇಳಬೇಕು.

ಒಳಗೆ ಉಪ್ಪು ಹಾಕುವ ಮನೆಗಳವರಿಗೆ ಇನ್ನೊಂದು ಎಚ್ಚರಿಕೆ. ಉಪ್ಪು ತೇವದ ಜೊತೆ ಮೇಲೇರುತ್ತದೆ. ಇಟ್ಟಿಗೆ, ಪ್ಲಾಸ್ಟರ್ ಮೇಲೆ ಬಿಳಿ ಪುಡಿಯಾಗಿ ಹೊಮ್ಮಿ ಪದರ ಪದರವಾಗಿ ಉದುರಿಸುತ್ತದೆ. ಕಬ್ಬಿಣದ ಸರಳು ಹಾಕಿದ ಸ್ಲ್ಯಾಬ್ ಇದ್ದರೆ ಸರಳು ತುಕ್ಕು ಹಿಡಿದು ಊದಿಕೊಂಡು ಕಾಂಕ್ರೀಟನ್ನೇ ಸೀಳುತ್ತದೆ. ಮೇಲೆ ಮುಚ್ಚಲೇಬೇಕೆಂದಿದ್ದರೆ ಎರಡೂ ಕಟ್ಟೆಗಳ ಮೇಲೆ ಕೂರುವ ಕಲ್ಲು ಚಪ್ಪಡಿಗಳೇ ಒಳ್ಳೆಯದು. ಬೇವು, ಅರಳಿ ಸಸಿ ಸಂದಿಯಲ್ಲಿ ಮೊಳೆತರೆ ಆ ವರ್ಷವೇ ಕಿತ್ತುಬಿಡಿ. ಬಿಲ್ವ ನೆಡುವ ಆಸೆಯಿದ್ದರೆ ಹತ್ತು ಅಡಿ ದೂರ ನೆಡಿ.

ಹೆಸರಿನ ಕಲ್ಲಿಗೆ ಗ್ರಾನೈಟ್ ಸಾಕು, ಅಮೃತಶಿಲೆ ಬೇಡ. ಅದು ಮಳೆಗೆ ಸವೆಯುತ್ತದೆ, ನಿಂಬೆಹುಳಿ ತಾಗಿದರೂ ಕೆಡುತ್ತದೆ. 4 ಅಡಿ ಎತ್ತರ, 2 ಅಡಿ ಅಗಲ, 3 ಇಂಚು ದಪ್ಪದ ಗ್ರಾನೈಟ್ ಸುಮಾರು 150 ಕಿಲೋ ತೂಗುತ್ತದೆ. ಅದರಲ್ಲಿ ಒಂದು ಅಡಿಗೂ ಮೀರಿ ನೆಲದೊಳಗೆ ಹೋಗಬೇಕು. ಅಕ್ಷರದ ಎತ್ತರ ಒಂದೂವರೆ ಇಂಚಿಗಿಂತ ಕಡಿಮೆಯಾದರೆ ಕನ್ನಡದ ಒತ್ತಕ್ಷರಗಳು ದೂಳು ತುಂಬಿ ಮುಚ್ಚಿಹೋಗುತ್ತವೆ, ದೀರ್ಘದ ಸುತ್ತುಗಳು ಕೆತ್ತುವಾಗಲೇ ಚಕ್ಕೆ ಏಳುತ್ತವೆ. ಕೆತ್ತನೆ 3–4 ಮಿಲಿಮೀಟರ್ ಆಳವಿರಲಿ, ಏಕೆಂದರೆ ತುಂಬಿದ ಬಣ್ಣ ಕೆಲವೇ ವರ್ಷದಲ್ಲಿ ಹೋಗುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಓದಲು ಉಳಿಯುವುದು ಕೆತ್ತಿದ್ದಷ್ಟೇ. ಹೊಗಳಿಕೆಯ ಸಾಲುಗಳನ್ನು ಕಡಿಮೆ ಮಾಡಿ ಊರು, ತಂದೆತಾಯಿಯ ಹೆಸರು, ಹುಟ್ಟಿದ ಮತ್ತು ತೀರಿದ ಇಸವಿ ಹಾಕಿಸಿ. ಮುಂದಿನವರು ಹುಡುಕಿಕೊಂಡು ಬರುವುದು ಅದಕ್ಕೆ. ಕರ್ಪೂರವನ್ನು ಕಲ್ಲಿನ ಮೇಲೆಯೇ ಉರಿಸಿದರೆ ಮಸಿ ಹಿಡಿಯುತ್ತದೆ, ಎಣ್ಣೆ ಇಳಿದ ಕಲೆ ಹೋಗುವುದಿಲ್ಲ. ದೀಪಕ್ಕೆ ಕಟ್ಟೆಯಲ್ಲಿ ಬೇರೆ ಗೂಡು ಮಾಡಿಸಿ. ತೊಳೆಯಲು ನೀರು, ನಾರಿನ ಬ್ರಷ್ ಸಾಕು, ಆಸಿಡ್ ಮುಟ್ಟಿಸಬೇಡಿ.

ಗಂಡ ಅಥವಾ ಹೆಂಡತಿ ಇನ್ನೂ ಇದ್ದರೆ ಕಲ್ಲಿನ ಅರ್ಧ ಭಾಗ ಖಾಲಿ ಬಿಡಬೇಕೇ ಎಂಬ ಮಾತು ಮಕ್ಕಳ ಬಾಯಲ್ಲಿ ಬರುವುದಿಲ್ಲ. ಅವರೇ ಕೇಳಲಿ ಎಂದು ಕಾಯುತ್ತಾರೆ, ಕಲ್ಲು ಕೆತ್ತಿ ಮುಗಿಯುತ್ತದೆ. ಕೆತ್ತಿಸುವ ಮುನ್ನ ಮನೆಯಲ್ಲಿ ಕೂತು ನೇರವಾಗಿ ಅವರನ್ನೇ ಕೇಳಿ. ವಯಸ್ಸಾದವರಿಗೆ ಈ ಪ್ರಶ್ನೆ ನಾವು ಅಂದುಕೊಂಡಷ್ಟು ಭಾರವಲ್ಲ. ಜಾಗ ಎಲ್ಲಿ, ಯಾವ ಕಡೆ ಎಂದು ಎಷ್ಟೋ ಜನ ಆಗಲೇ ಯೋಚಿಸಿರುತ್ತಾರೆ. ಬಿಡಿ ಎಂದರೆ ಬಲಕ್ಕೋ ಎಡಕ್ಕೋ ಅವರೇ ಹೇಳಲಿ. ಅಕ್ಷರದ ಅಚ್ಚು, ಎತ್ತರ, ಆಳವನ್ನು ಒಂದು ಹಾಳೆಯಲ್ಲಿ ಬರೆಸಿ, ಕೆತ್ತಿದವರ ಸಹಿ ಹಾಕಿಸಿ ಮನೆಯ ಪತ್ರಗಳ ಜೊತೆ ಇಟ್ಟುಕೊಳ್ಳಿ. ಮುಂದೆ ಬೇರೆ ಯಾರು ಕೆತ್ತಿದರೂ ಎರಡು ಹೆಸರುಗಳೂ ಒಂದೇ ಅಳತೆಗೆ ಬರುತ್ತವೆ.