ಬಿಎಯಲ್ಲಿ ಭೂಗೋಳ ಓದಿಲ್ಲ, ಯಾವ ತರಬೇತಿ ತಗೊಳ್ಳಲಿ?

ಪ್ರಶ್ನೆ: ಸರ್, ನಾನು ಬಿಎಯಲ್ಲಿ ಓದಿದ್ದು ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ). ಈಗ ಮಂಡ್ಯ ಕಡೆ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಮೇಷ್ಟ್ರು. ಭೂಗೋಳಕ್ಕೆ ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ) ಕೋರ್ಸ್ ಮಾಡ್ಲಾ?

ಮತ್ತೆ ಇದೇ ಪ್ರಶ್ನೆ! ಇರಲಿ, ತಪ್ಪು ನಿಮ್ಮದಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ ಎಲ್ಲಕ್ಕೂ ಒಬ್ಬರೇ ಮೇಷ್ಟ್ರು ಅಂದಮೇಲೆ ಹೀಗಾಗುವುದೇ. ಜಿಐಎಸ್ ಆಮೇಲೆ ನೋಡೋಣ. ಮೊದಲು ಟೋಪೋಶೀಟ್, ಅಂದರೆ ಬೆಟ್ಟ, ಹಳ್ಳ, ದಾರಿ, ಊರು ಎಲ್ಲ ಗುರುತಿಸಿದ ವಿವರವಾದ ನಕ್ಷೆ, ಓದುವುದನ್ನು ಕಲಿಯಿರಿ. ಸರ್ವೆ ಆಫ್ ಇಂಡಿಯಾದ ನಕ್ಷೆ ಆನ್‌ಲೈನಲ್ಲೇ ಸಿಗುತ್ತದೆ.

ನನಗೆ ಸಿಟ್ಟು ಬರುವುದು ಸ್ಟಾಫ್ ರೂಮಿನ ಒಂದು ಮಾತಿಗೆ. "ಭೂಗೋಳಕ್ಕೆ ತರಬೇತಿ ಯಾಕ್ರೀ? ಮ್ಯಾಪ್ ಗುರುತಿಸೋದು ಉರು ಹೊಡೆಸಿದ್ರೆ ಮಾರ್ಕ್ಸ್ ಬರುತ್ತೆ." ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ತರಬೇತಿಯಲ್ಲಿ ಟೋಪೋಶೀಟ್ ಹರಡಿ ಕೂತಿದ್ದೆವು. ಇಪ್ಪತ್ತು ವರ್ಷ ಸರ್ವಿಸ್ ಆದ ಮೇಷ್ಟ್ರೊಬ್ಬರು ಕಂದು ಗೆರೆಗಳನ್ನು ತೋರಿಸಿ "ಇವೆಲ್ಲ ಕಾಲುದಾರಿನಾ?" ಅಂದರು. ಅವು ಸಮೋನ್ನತ ರೇಖೆಗಳು. ಅದರ ವ್ಯಾಖ್ಯೆ ಕೇಳಿದರೆ ಅವರೇ ತಪ್ಪಿಲ್ಲದೆ ಹೇಳುತ್ತಾರೆ, "ಸಮುದ್ರ ಮಟ್ಟದಿಂದ ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ರೇಖೆ" ಅಂತ. ಉರು ಹೊಡೆದದ್ದು ಅಲ್ಲಿಗೇ ನಿಂತಿತ್ತು.

ಆ ಮೇಷ್ಟ್ರ ಊರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕ. "ನಿಮ್ಮೂರ ನಾಲೆ ಯಾಕೆ ನೇರ ಹೋಗಲ್ಲ, ಹಾವಿನ ಥರ ಸುತ್ತುತ್ತೆ?" ಅಂದೆ. "ಇಂಜಿನಿಯರ್ ಹಂಗೆ ಮಾಡವ್ರೆ" ಅಂದರು. ನಕ್ಷೆಯಲ್ಲಿ ನಾಲೆಯ ಮೇಲೆ ಬೆರಳಿಟ್ಟು ಎಳೆಯಲು ಹೇಳಿದೆ. ಪಕ್ಕದಲ್ಲೇ ಒಂದು ಕಂದು ಗೆರೆ ಜೊತೆಜೊತೆಗೆ ಸುತ್ತುತ್ತಿತ್ತು. ನೀರು ತಾನಾಗಿ ಹರಿಯಬೇಕು, ಜಾಸ್ತಿ ಇಳಿಯಲೂಬಾರದು. ಅದಕ್ಕೇ ನಾಲೆ ಹೆಚ್ಚುಕಮ್ಮಿ ಒಂದೇ ಎತ್ತರ ಹಿಡಿದು ಸುತ್ತುತ್ತದೆ. ದಿಣ್ಣೆ ಅಡ್ಡ ಬಂದ ಹುಲಿಕೆರೆ ಹತ್ತಿರ ಸುರಂಗವನ್ನೇ ಕೊರೆದಿದ್ದಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಓ! ಅದಕ್ಕೇನಾ ನಾಲೆ ಮೇಲ್ಗಡೆ ರಾಗಿ, ಕೆಳಗಡೆ ಭತ್ತ, ಕಬ್ಬು?" ಅದೇ ಸ್ವಾಮಿ, ನಾಲೆ ನೀರು ತಾನಾಗಿ ಕೆಳಗಷ್ಟೇ ಹರಿಯುತ್ತೆ! ಆ ಪಾಠವನ್ನು ಅವರ ಮಕ್ಕಳು ಮರೆಯುವುದಿಲ್ಲ.

ನಮ್ಮ ತರಬೇತಿಗಳಲ್ಲಿ 'ಹೇಗೆ ಕಲಿಸಬೇಕು' ಅನ್ನುವುದೇ ಜಾಸ್ತಿ. ಗುಂಪು ಮಾಡು, ಚಾರ್ಟ್ ಬರಿ, ಪಿಪಿಟಿ ತೋರಿಸು. ಏನನ್ನು ಕಲಿಸಬೇಕು ಅನ್ನುವುದು ಮೇಷ್ಟ್ರಿಗೆ ಗೊತ್ತೇ ಇದೆ ಅಂತ ಅಂದುಕೊಂಡುಬಿಡುತ್ತಾರೆ. ಅಭಿಪ್ರಾಯ ಬರೆಯಲು ಹಾಳೆ ಕೊಟ್ಟಾಗ ಸುಮ್ನೆ 'ಚೆನ್ನಾಗಿತ್ತು' ಅಂತ ಬರೆಯಬೇಡಿ. 'ನಮ್ಮ ತಾಲ್ಲೂಕಿನ ನಕ್ಷೆ ಹಿಡಿದು ಒಂದು ದಿನ ಹೊರಗೆ ಕರೆದುಕೊಂಡು ಹೋಗಿ' ಅಂತ ಬರೆಯಿರಿ.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿ ಮೇಲೆ ಬರುತ್ತಾನೆ ಅಂತ ಪಾಠ ಮಾಡುತ್ತೀರಿ, ಅಲ್ವಾ? ಮಂಡ್ಯ, ಮೈಸೂರಲ್ಲಿ ಒಂದು ದಿನವೂ ಸರಿಯಾಗಿ 12ಕ್ಕೆ ಬರುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು 77 ಡಿಗ್ರಿ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ 22 ನಿಮಿಷ ಹಿಂದೆ, ಅಂದರೆ ನಮ್ಮ ನಡುಮಧ್ಯಾಹ್ನ ಸುಮಾರು 12.22ಕ್ಕೆ; ದಿನ ನೋಡಿಕೊಂಡು ಕೆಲವು ನಿಮಿಷ ಹಿಂದೆಮುಂದೆ ಆಗುತ್ತದೆ. ನೆಟ್ಟಗೆ ನೆತ್ತಿ ಮೇಲೆ ಬರುವುದೂ ವರ್ಷಕ್ಕೆ ಎರಡೇ ಸಲ, ಏಪ್ರಿಲ್ 23 ಮತ್ತು ಆಗಸ್ಟ್ 20ರ ಆಸುಪಾಸು. ಏಪ್ರಿಲ್‌ನಲ್ಲಿ ರಜೆ. ಆಗಸ್ಟಲ್ಲಿ 12.25ರ ಹೊತ್ತಿಗೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನೆಡಿ, ನೆರಳು ಹೆಚ್ಚುಕಮ್ಮಿ ಮಾಯವಾಗಿರುತ್ತದೆ. ಅವತ್ತು ಮೋಡ ಇದ್ದರೆ ಮಾರನೇ ದಿನ ನೆಡಿ, ನೆರಳಲ್ಲಿ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ.