ಬೇರು ಬರಿಸುವ ಪುಡಿ ಹೆಚ್ಚಾದರೆ ಬೇರೇಕೆ ಬರುವುದಿಲ್ಲ?

ಲಾಲ್‌ಬಾಗಿನ ಪಕ್ಕದ ಸಿದ್ದಾಪುರದ ನರ್ಸರಿಗಳಿಂದ ಗಿಡದ ಜೊತೆಗೆ ಮನೆಗೆ ಬರುವ ಒಂದು ಪುಟ್ಟ ಡಬ್ಬಿ ಇದೆ. ಎಲ್ಲರೂ ರೂಟಿಂಗ್ ಪೌಡರ್ ಎನ್ನುವ ಆ ಪುಡಿಯಲ್ಲಿ ಬಹುಪಾಲು ಟಾಲ್ಕ್. ಕೆಲಸ ಮಾಡುವುದು ಅದರೊಳಗೆ ಸಾವಿರಕ್ಕೆ ಕೆಲವೇ ಪಾಲು ಇರುವ ಐಬಿಎ, ಅಂದರೆ ಇಂಡೋಲ್ ಬ್ಯುಟೈರಿಕ್ ಆಮ್ಲ. ಟೆರೇಸಿನಲ್ಲಿ ದಾಸವಾಳದ ಕಡ್ಡಿ ನೆಡುವವರು ಇದನ್ನು ಗೊಬ್ಬರವೆಂದು ತಿಳಿದು ದಪ್ಪಗೆ ಮೆತ್ತುವುದುಂಟು. ಕೆಲವು ದಿನಗಳಲ್ಲಿ ಕಡ್ಡಿಯ ಬುಡ ಕಪ್ಪಗಾಗುತ್ತದೆ, ಇಲ್ಲವೇ ಗಂಟು ಕಟ್ಟಿಕೊಂಡು ಸುಮ್ಮನಾಗುತ್ತದೆ. ಇದಕ್ಕೆ ಕಾರಣ ಹುಡುಕಿ ಹೊರಟರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಒಣ ಅವರೆಕಾಳನ್ನು ರಾತ್ರಿ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಮೊಳಕೆ ಬರಿಸಿ. ಬೇರು ಎರಡು ಸೆಂಟಿಮೀಟರ್ ನೇರ ಇಳಿದ ಮೇಲೆ ಕಾಳನ್ನು ಅಡ್ಡ ಮಲಗಿಸಿ, ತೇವ ಆರದಂತೆ ಮುಚ್ಚಿಡಿ. ಕೆಲವೇ ತಾಸುಗಳಲ್ಲಿ ಬೇರು ಮತ್ತೆ ನೆಲದ ಕಡೆಗೆ ಬಾಗುತ್ತದೆ. ಇನ್ನೊಂದು ಕಾಳಿನ ಬೇರಿನ ತುದಿಯನ್ನು ಬ್ಲೇಡಿನಿಂದ ಒಂದು ಮಿಲಿಮೀಟರಿನಷ್ಟು ಕತ್ತರಿಸಿ ಹಾಗೆಯೇ ಮಲಗಿಸಿ. ಅದು ಉದ್ದವಾಗುತ್ತದೆ, ಆದರೆ ಬಾಗುವುದಿಲ್ಲ. ಹೊಸ ತುದಿ ಮೂಡುವವರೆಗೂ ಅದಕ್ಕೆ ಕೆಳಗು ಯಾವುದೆಂದು ತಿಳಿಯದು. 1872ರಲ್ಲಿ ಪೋಲೆಂಡಿನ ಸಸ್ಯವಿಜ್ಞಾನಿ ಸಿಯೆಸೀಲ್ಸ್ಕಿ ಕಂಡದ್ದು ಇದನ್ನೇ. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಇದನ್ನು ವಿಸ್ತಾರವಾಗಿ ಪರೀಕ್ಷಿಸಿ, ಭಾರದ ದಿಕ್ಕನ್ನು ಗ್ರಹಿಸುವುದು ತುದಿ, ಬಾಗುವುದು ಅದಕ್ಕಿಂತ ಮೇಲಿನ ಭಾಗ ಎಂದರು. ಹಾಗಾದರೆ ತುದಿಯಿಂದ ಮೇಲಕ್ಕೆ ಏನೋ ಸಾಗಬೇಕು. ಆಗಿನ ದೊಡ್ಡ ಸಸ್ಯವಿಜ್ಞಾನಿ ಜೂಲಿಯಸ್ ಸ್ಯಾಕ್ಸ್ ಇದನ್ನು ಒಪ್ಪಲೇ ಇಲ್ಲ, ಪ್ರಯೋಗದಲ್ಲೇ ಕೈಚಳಕ ಸಾಲದು ಎಂದುಬಿಟ್ಟರು. ಗೆದ್ದದ್ದು ತುದಿಯೇ.

ಆ ‘ಏನೋ’ ಕೈಗೆ ಸಿಕ್ಕಿದ್ದು ಬೇರಿನಲ್ಲಲ್ಲ, ಓಟ್ಸ್ ಮೊಳಕೆಯಲ್ಲಿ. 1926ರಲ್ಲಿ ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್ ಮೊಳಕೆಗಳ ತುದಿ ಕತ್ತರಿಸಿ ಅಗರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ) ತುಂಡಿನ ಮೇಲೆ ಇಟ್ಟರು. ಆಮೇಲೆ ಆ ಅಗರನ್ನು ತುದಿಯಿಲ್ಲದ ಮೊಳಕೆಯ ಒಂದು ಬದಿಗೆ ಕೂರಿಸಿದರೆ ಮೊಳಕೆ ಎದುರು ಬದಿಗೆ ಬಾಗಿತು. ಅಂದರೆ ತುದಿಯ ವಸ್ತು ಅಗರಿಗೆ ಇಳಿದಿತ್ತು. ಅದಕ್ಕೆ ಆಕ್ಸಿನ್ ಎಂಬ ಹೆಸರು ಬಂತು. ಸಾಕಷ್ಟು ಪ್ರಮಾಣದಲ್ಲಿ ಅದು ದೊರೆತದ್ದು ಮನುಷ್ಯರ ಮೂತ್ರದಿಂದ! ಅದನ್ನು ಸಂಸ್ಕರಿಸಿದ ರಸಾಯನವಿಜ್ಞಾನಿ ಕೋಗಲ್ ಅವರ ತಂಡ 1934ರಲ್ಲಿ ಇಂಡೋಲ್ ಅಸಿಟಿಕ್ ಆಮ್ಲ, ಅಂದರೆ ಐಎಎ, ಎಂದು ಗುರುತಿಸಿತು.

ನರ್ಸರಿಗೆ ಐಎಎ ಅಷ್ಟು ಒಗ್ಗಲಿಲ್ಲ. ಬೆಳಕಿಗೆ ಕೆಡುತ್ತದೆ, ಗಿಡದ ಕಿಣ್ವಗಳೂ ಅದನ್ನು ಬೇಗ ಒಡೆಯುತ್ತವೆ. 1935ರಲ್ಲಿ ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಕೃತಕವಾಗಿ ತಯಾರಿಸಿದ ಐಬಿಎ, ಎನ್‌ಎಎ (ನ್ಯಾಫ್ತಲೀನ್ ಅಸಿಟಿಕ್ ಆಮ್ಲ)ಗಳಿಂದ ಬೇರು ಬರಿಸಿ ತೋರಿಸಿದರು. ಐಬಿಎ ಹೆಚ್ಚು ಬಾಳಿಕೆಯದು; ಗಿಡದೊಳಗೆ ನಿಧಾನವಾಗಿ ಐಎಎ ಆಗಿ ಬದಲಾಗುತ್ತದೆ. ಇಂದಿಗೂ ಡಬ್ಬಿಯಲ್ಲಿರುವುದು ಅದೇ.

ಪುಡಿ ಹೆಚ್ಚಾದರೆ ಏಕೆ ಕೆಡುತ್ತದೆ ಎಂಬುದಕ್ಕೆ ಉತ್ತರದ ತಿರುಳನ್ನು ಕೊಟ್ಟವರು 1937ರಲ್ಲಿ ಸಸ್ಯವಿಜ್ಞಾನಿ ಕೆನೆತ್ ಥಿಮನ್. ಕಾಂಡವನ್ನು ಉದ್ದ ಮಾಡುವ ಪ್ರಮಾಣದ ಆಕ್ಸಿನ್ ಬೇರಿನ ಉದ್ದವನ್ನು ತಡೆಯುತ್ತದೆ. ಬೇರಿಗೆ ಹಿತವಾದ ಪ್ರಮಾಣ ಅದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಅಡ್ಡ ಮಲಗಿದ ಅವರೆಬೇರು ಬಾಗುವುದೂ ಹೀಗೆಯೇ: ಬೇರಿನ ಟೋಪಿಯಲ್ಲಿನ ಪಿಷ್ಟದ ಕಣಗಳು ಕೆಳಗೆ ಕುಸಿಯುತ್ತವೆ, ಕೆಳಬದಿಗೆ ಆಕ್ಸಿನ್ ಹೆಚ್ಚು ಹರಿಯುತ್ತದೆ, ಆ ಬದಿಯ ಬೆಳವಣಿಗೆ ತಗ್ಗುತ್ತದೆ, ಮೇಲ್ಬದಿ ಮುಂದೆ ಓಡುತ್ತದೆ. ಆದರೆ ಕಡ್ಡಿಯಲ್ಲಿ ಹೊಸ ಬೇರು ಹುಟ್ಟಬೇಕಾದರೆ ಕೋಶಗಳು ವಿಭಜನೆಯಾಗಲು ಒಮ್ಮೆ ಆಕ್ಸಿನ್ ಉಕ್ಕಬೇಕು. ಹುಟ್ಟಲು ಹೆಚ್ಚು ಬೇಕು, ಬೆಳೆಯಲು ಬಹಳ ಕಡಿಮೆ. ಉಕ್ಕಿದ್ದು ಇಳಿಯದಿದ್ದರೆ ಮೊಗ್ಗಾದ ಬೇರು ಅಲ್ಲೇ ನಿಲ್ಲುತ್ತದೆ.

ಕಡ್ಡಿಯನ್ನು ತಲೆಕೆಳಗಾಗಿ ನೆಟ್ಟರೆ ಸೋಲುವುದಕ್ಕೂ ಕಾರಣ ಇಲ್ಲಿದೆ. ಆಕ್ಸಿನ್ ಚಿಗುರಿನಿಂದ ಬುಡದ ಕಡೆಗೇ ಸಾಗುತ್ತದೆ, ಗಂಟೆಗೆ ಸುಮಾರು ಒಂದು ಸೆಂಟಿಮೀಟರ್. 1974ರಲ್ಲಿ ವಿಜ್ಞಾನಿಗಳಾದ ರೂಬರಿ ಮತ್ತು ಶೆಲ್ಡ್ರೇಕ್ ಕೊಟ್ಟ ವಿವರಣೆ ಸೊಗಸಾಗಿದೆ: ಕೋಶದ ಹೊರಗಿನ ಹುಳಿಯಲ್ಲಿ ಆಕ್ಸಿನ್ ಒಳಗೆ ನುಸುಳುತ್ತದೆ, ಒಳಗೆ ಹುಳಿ ಕಡಿಮೆಯಾದ್ದರಿಂದ ಅಯಾನಾಗಿ (ವಿದ್ಯುದಂಶ ಹೊತ್ತ ಕಣವಾಗಿ) ಸಿಕ್ಕಿಬೀಳುತ್ತದೆ, ಹೊರಬರಲು ಸಾಗಣೆ ಪ್ರೋಟೀನೇ ಬೇಕು. ಪಿನ್ ಎಂಬ ಆ ಪ್ರೋಟೀನುಗಳಲ್ಲಿ ಮೊದಲನೆಯದು ಸಾಸಿವೆ ಜಾತಿಯ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ 1998ರ ಹೊತ್ತಿಗೆ ಪತ್ತೆಯಾಯಿತು. ಕಾಂಡದಲ್ಲಿ ಅದು ಕೋಶದ ಬುಡದ ಬದಿಗೆ ಕೂತಿತ್ತು. ಆಕ್ಸಿನ್ ಅನ್ನು ಗುರುತಿಸುವ ಗ್ರಾಹಕ ಪ್ರೋಟೀನು ಸಿಕ್ಕಿದ್ದು 2005ರಲ್ಲಿ.

ಈಗ ಡಬ್ಬಿಗೆ ಮರಳೋಣ. ದ್ರಾವಣ ಮಾಡಿಕೊಳ್ಳುವುದಾದರೆ 2000 ಪಿಪಿಎಂಗೆ (ಅಂದರೆ ಹತ್ತು ಲಕ್ಷಕ್ಕೆ 2000 ಪಾಲು) 200 ಮಿಲಿಗ್ರಾಂ ಐಬಿಎಯನ್ನು 50 ಮಿಲಿಲೀಟರ್ ಆಲ್ಕೊಹಾಲಿನಲ್ಲಿ ಪೂರ್ತಿ ಕರಗಿಸಿ, ಶುದ್ಧ ನೀರು ಸೇರಿಸಿ 100 ಮಿಲಿಲೀಟರ್ ಮಾಡಿ. ಬರೀ ನೀರಿನಲ್ಲಿ ಇದು ಲೀಟರಿಗೆ ಕಾಲು ಗ್ರಾಂನಷ್ಟೇ ಕರಗುತ್ತದೆ. ನೀರು ಸೇರಿಸಿದಾಗ ಬಿಳಿ ಮಂಜು ಕಂಡರೆ ಐಬಿಎ ಹೊರಬಿದ್ದಿದೆ, ಆ ದ್ರಾವಣ ನಂಬಬೇಡಿ. ದಾಳಿಂಬೆಯಂಥ ಬಲಿತ ಕಡ್ಡಿಗೆ 2000ದ ಆಸುಪಾಸು, ಎಳೆಯ ಕಾಂಡಕ್ಕೆ 500ರಿಂದ 1000. ಪೆನ್ಸಿಲ್ ದಪ್ಪದ, ಮೂರುನಾಲ್ಕು ಗಿಣ್ಣಿನ ಕಡ್ಡಿಯನ್ನು ಕೆಳಗಿನ ಗಿಣ್ಣಿನ ಸ್ವಲ್ಪವೇ ಕೆಳಗೆ ಕತ್ತರಿಸಿ, ಬುಡದ ಎರಡು ಸೆಂಟಿಮೀಟರನ್ನು ಐದರಿಂದ ಹತ್ತು ಸೆಕೆಂಡು ಅದ್ದಿ, ಆಲ್ಕೊಹಾಲು ಆರಿದ ಮೇಲೆ ನೆಡಿ. ಪುಡಿಯಾದರೆ ಬೇಕಾದಷ್ಟನ್ನು ಕಾಗದದ ಮೇಲೆ ಸುರಿದುಕೊಂಡು ಅದ್ದಿ, ಕಡ್ಡಿಯನ್ನು ತಟ್ಟಿ ಹೆಚ್ಚಾದದ್ದನ್ನು ಉದುರಿಸಿ. ಒದ್ದೆ ಕಡ್ಡಿಯನ್ನು ಡಬ್ಬಿಗೇ ತೂರಿಸಿದರೆ ಉಳಿದ ಪುಡಿಗೂ ತೇವ, ಬೂಸ್ಟು ಹಿಡಿಯುತ್ತದೆ. ಮಣ್ಣಿಗೆ ಕಡ್ಡಿಯನ್ನು ನೇರ ಚುಚ್ಚಿದರೆ ಪುಡಿ ಮೇಲೆಯೇ ಉಳಿಯುತ್ತದೆ, ಆದ್ದರಿಂದ ಮೊದಲು ಬೇರೊಂದು ಕಡ್ಡಿಯಿಂದ ತೂತು ಮಾಡಿಕೊಳ್ಳಿ. ಮಣ್ಣಿನ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಳಸುವುದಾದರೆ ಅದನ್ನು ಉಪ್ಪು ಹೋಗುವಂತೆ ತೊಳೆದಿರಬೇಕು.

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯಂಥ ಕಡ್ಡಿ ಪುಡಿ ಇಲ್ಲದೆಯೂ ಬೇರು ಬಿಡುತ್ತದೆ. ಅದರ ಮೇಲೆ ಖರ್ಚು ಬೇಡ. ಬೆಂಗಳೂರಿನಲ್ಲಿ ಮಳೆಗಾಲ ಇದಕ್ಕೆ ಒಳ್ಳೆಯ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಬೇರು ಬರುವ ಮೊದಲೇ ಎಲೆ ಒಣಗುತ್ತದೆ, ಪಾಲಿಥೀನ್ ಹೊದಿಕೆ ಬೇಕೇ ಬೇಕು. ಟ್ರೇಯ ತೂತಿನಲ್ಲಿ ಬಿಳಿ ಬೇರು ಇಣುಕಿದ ಮೇಲೆ ಮಾತ್ರ ಆ ಡಬ್ಬಿಯನ್ನು ಮತ್ತೆ ಮುಟ್ಟಬೇಡಿ. ಇನ್ನು ಉದ್ದವಾಗಬೇಕಾದ ಬೇರಿಗೆ ಅದೇ ಪುಡಿ ತಡೆ.